ಕಡಲ ದಾರಿಯಲ್ಲೊಂದು ಪ್ರತಿಕ್ರಮಣ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೆಂಬುದೂ ಒಂದು. ಇಂತಿಂಥ ದಿಕ್ಕಿಗೆ ಇಷ್ಟು ದೂರದವರೆಗೆ ಮಾತ್ರ ಹೋಗುವೆನು, ಅದರಾಚೆಗೆ ಹೋಗೆನು ಎಂದು ಮೇರೆಯನ್ನು ಗೊತ್ತುಮಾಡಿಕೊಳ್ಳುವ ನಿಯಮವಿದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೇರೆಗಳನ್ನು ಎಣಿಸುವಾಗ ನದಿ, ಅಡವಿ, ಬೆಟ್ಟಗಳಿಗಿಂತ ಮೊದಲು ಕಡಲನ್ನೇ ಹೆಸರಿಸಿದ್ದಾರೆ. ಅದೇ ಗ್ರಂಥದಲ್ಲಿ, ಪ್ರಯೋಜನವಿಲ್ಲದೆ ತಿರುಗಾಡುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಅವರು ಪ್ರಮಾದಚರ್ಯೆಯೆಂದು ಹೇಳಿ ಅನರ್ಥದಂಡದ ಐದು ಬಗೆಗಳಲ್ಲಿ ಸೇರಿಸಿದ್ದಾರೆ. ಹಾಗಾದರೆ ಗೃಹಸ್ಥನೊಬ್ಬನು ವ್ಯಾಪಾರಕ್ಕಾಗಲಿ ತೀರ್ಥಯಾತ್ರೆಗಾಗಲಿ ಅಲ್ಲದೆ, ಕೇವಲ ಕಡಲನ್ನು ನೋಡಬೇಕೆಂಬ ಆಸೆಯಿಂದ ಮೋಟಾರ್ ಸೈಕಲ್ ಏರಿ ಒಬ್ಬನೇ ಹೊರಟರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ಇಳಕಲ್ಲಿನ ಸೀರೆ ವ್ಯಾಪಾರಿಗಳೊಬ್ಬರ ಪ್ರವಾಸವು ಒಂದು ಉತ್ತರವನ್ನು ಕೊಟ್ಟಿದೆ. ಅದು ಅವರು ನಿರೀಕ್ಷಿಸಿದ ಉತ್ತರವಾಗಿರಲಿಲ್ಲ.

ಹೆಸರು ಇಲ್ಲಿ ಅಗತ್ಯವಿಲ್ಲ. ಅವರು ಐವತ್ತೈದರ ಆಸುಪಾಸಿನವರು. ತಂದೆಯ ಕಾಲದಿಂದ ಬಂದ ಅಂಗಡಿ. ನೇಕಾರರ ಮನೆಗಳಿಂದ ಸೀರೆ ತಂದು ಹುಬ್ಬಳ್ಳಿ, ಸೋಲಾಪುರಗಳ ಪೇಟೆಗಳಿಗೆ ಕಳಿಸುವ ಉದ್ಯೋಗ. ತಂದೆ ಕೊಂಡಿದ್ದ ಯೆಜ್ದಿ ಮೋಟಾರ್ ಸೈಕಲ್ಲೊಂದು ಇನ್ನೂ ಅವರ ಬಳಿ ಇದೆ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿಯೇ ಮುಚ್ಚಿಹೋದರೂ ಇವರ ವಾಹನ ಮಾತ್ರ ನಿಂತಿಲ್ಲ. ರಾತ್ರಿಭೋಜನ ತ್ಯಾಗವನ್ನು ಅವರು ಮೂವತ್ತು ವರ್ಷಗಳಿಂದ ಒಂದು ದಿನವೂ ತಪ್ಪದೆ ನಡೆಸಿಕೊಂಡು ಬಂದವರು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಅವರಿಗೆ, ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರವೂ ಇನ್ನೊಂದು ಬದಿಗೆ ಸೌಪರ್ಣಿಕಾ ನದಿಯೂ ಇರುವುದೆಂದು ಚಿಕ್ಕಂದಿನಲ್ಲಿ ಕೇಳಿದ್ದು ಮನಸ್ಸಿನಿಂದ ಹೋಗಿರಲಿಲ್ಲ. 2022ರ ಡಿಸೆಂಬರದಲ್ಲಿ, ಅಂಗಡಿಯ ಕಿರ್ದಿಯನ್ನು ಮಗನ ಕೈಗೆ ಒಪ್ಪಿಸಿ ಹೊರಡಲು ನಿಶ್ಚಯಿಸಿದರು.

ಎಂಬತ್ತು ದಾಟಿದ ತಾಯಿ, "ಯಾಕ ಹೊಂಟಿ?" ಎಂದು ಕೇಳಿದರು.

"ಸಮುದ್ರ ನೋಡಾಕವ್ವಾ."

ಆಕೆ ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಹೋಗಿ ಬಾರಪ್ಪಾ, ಬ್ಯಾಡ ಅನ್ನಂಗಿಲ್ಲ. ಆದರ ಎಲ್ಲಿತನಕ ಹೋಗ್ತಿ, ಎಷ್ಟ ದಿನ ಅಂತ ದೇವರ ಮುಂದ ಹೇಳಿ ಹೋಗು. ಹೊತ್ತು ಮುಳುಗೂದರೊಳಗ ಊಟಾ ಮುಗಸು."

ತೆಂಕಣಕ್ಕೆ ಕುಂದಾಪುರವೇ ಮೇರೆ, ಅವಧಿ ಆರು ದಿನ ಎಂದು ಬಸದಿಯಲ್ಲಿ ಸಂಕಲ್ಪ ಮಾಡಿಕೊಂಡು ಅವರು ಹೊರಟರು. ಕಡಕ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಸೋಸಿದ ನೀರು ಚೀಲದಲ್ಲಿದ್ದವು.

ಈ ನಾಡಿನ ವ್ಯಾಪಾರಿಗಳಿಗೆ ದೂರದ ದಾರಿ ಹೊಸದೇನಲ್ಲ. ಹುನಗುಂದ ತಾಲೂಕಿನ ಐಹೊಳೆಯೇ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. ಆ ಸಂಘದವರ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ, ಸಿಂಹಳದಲ್ಲಿಯೂ ದೊರೆತಿವೆ. ದಿಗ್ವ್ರತವು ಇಂತಹ ಸಂಚಾರವನ್ನು ನಿಷೇಧಿಸುವುದಿಲ್ಲ. ಶ್ರಾವಕನು ಸಂಚರಿಸುವವನೆಂದು ಒಪ್ಪಿಕೊಂಡೇ ಅದಕ್ಕೊಂದು ಅಂಚು ಕಟ್ಟುತ್ತದೆ. ಅವರು ಮೊದಲ ದಿನ ಐಹೊಳೆಯ ಮೇಗುಟಿಗೆ ಏರಿ, ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಜಿನಾಲಯವನ್ನು ಕಂಡರು. ಅಲ್ಲಿಂದ ಪಟ್ಟದಕಲ್ಲಿನ ಮಾರ್ಗವಾಗಿ ಬಾದಾಮಿಗೆ ಬಂದು ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥನಿಗೂ ಬಾಹುಬಲಿಗೂ ಕೈಮುಗಿದರು. ಕಾಲಿಗೆ ಬಳ್ಳಿ ಸುತ್ತಿಕೊಂಡರೂ ಕದಲದೆ ನಿಂತ ಆ ಬಾಹುಬಲಿಯ ಮುಂದೆ ಅವರು ಅಂದು ನಿಂತದ್ದು ಐದು ನಿಮಿಷಕ್ಕಿಂತ ಹೆಚ್ಚಿರಲಾರದು. ಸಂಜೆಯೊಳಗೆ ಹುಬ್ಬಳ್ಳಿ ಸೇರುವ ಆತುರವಿತ್ತು.

ಎರಡನೆಯ ದಿನ ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಬಳಿ ಕರಾವಳಿಯ ಹೆದ್ದಾರಿಯನ್ನು ಸೇರಿದರು. ಹಿಂದೆ 17ನೆಯ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದು ಈಗ 66ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿಕೊಂಡಿರುವ ಈ ದಾರಿ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಪಡುವಣ ಕಡಲಿನ ಮಗ್ಗುಲಲ್ಲಿಯೇ ಸಾಗುತ್ತದೆ. ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಒಂದೊಂದು ನದಿಯ ಸೇತುವೆ ಬಂದಾಗಲೂ ಅವರು ವಾಹನ ನಿಲ್ಲಿಸಿದರು. ಬೇಸಿಗೆಯಲ್ಲಿ ಬತ್ತಿದ ಹಳ್ಳಗಳನ್ನು ಕಂಡು ಬೆಳೆದವರಿಗೆ, ಹೊನ್ನಾವರದಲ್ಲಿ ಶರಾವತಿಯು ಕಡಲು ಸೇರುವ ಹರವನ್ನು ನೋಡುತ್ತ ನಿಲ್ಲುವುದು ಸಹಜವೇ. ಆ ರಾತ್ರಿ ಹೊನ್ನಾವರದಲ್ಲಿ ತಂಗಿ, ಶಿರಸ್ತ್ರಾಣದ ಗಾಜನ್ನು ಒರೆಸುವಾಗ ಅದಕ್ಕೆ ಅಂಟಿಕೊಂಡಿದ್ದ ಸಣ್ಣ ಹುಳುಗಳನ್ನು ಕಂಡರು. ಹದಿನೆಂಟನ್ನು ಎಣಿಸಿದ ಮೇಲೆ ಎಣಿಕೆಯನ್ನು ಬಿಟ್ಟರು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾರೆ. ಮಳೆಗಾಲದಲ್ಲಿ ನೆಲವೆಲ್ಲ ಜೀವರಾಶಿಯಿಂದ ತುಂಬುವುದರಿಂದ ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ನಾಲ್ಕು ಮೊಳ ನೆಲ ದಾಟಲು ಅದಕ್ಕೆ ಸೆಕೆಂಡಿನ ಒಂಬತ್ತನೆಯ ಒಂದು ಪಾಲು ಸಾಕು. ಕಣ್ಣು ಕಂಡದ್ದನ್ನು ಕೈ ಅರಿತು ಬ್ರೇಕು ಹಿಡಿಯಲು ಇದರ ಹಲವು ಪಟ್ಟು ಕಾಲ ಬೇಕು. ಆದುದರಿಂದ ಗೃಹಸ್ಥನಿಗೆ ವಾಹನದ ಮೇಲೆ ಮುನಿಗಳ ಈರ್ಯಾಸಮಿತಿ ಸಾಧ್ಯವಿಲ್ಲ. ಸಾಧ್ಯವಿರುವುದು ಆತುರವನ್ನು ಬಿಡುವುದೊಂದೇ.

ಮೂರನೆಯ ದಿನ ಅವರು ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನು ನೋಡಿದರು. ಅಲ್ಲಿಂದ ಒಳನಾಡಿಗೆ ತಿರುಗಿ ಸಂಗೀತಪುರವೆಂದು ಖ್ಯಾತವಾಗಿದ್ದ ಹಾಡುವಳ್ಳಿಗೆ ಹೋದರು. 1604ರಲ್ಲಿ 'ಶಬ್ದಾನುಶಾಸನ'ವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತದಲ್ಲಿ ರಚಿಸಿದ ಭಟ್ಟಾಕಳಂಕದೇವರ ಮಠವಿದ್ದ ಸ್ಥಳವದು. ಹೊತ್ತು ಹೋದದ್ದು ತಿಳಿಯಲಿಲ್ಲ. ಭಟ್ಕಳಕ್ಕೆ ಮರಳಿದಾಗ ಸಂಜೆ ಐದು ದಾಟಿತ್ತು. ಆ ದಿನಗಳಲ್ಲಿ ಆ ಕಡೆ ಸೂರ್ಯಾಸ್ತವಾಗುವುದು ಆರು ಗಂಟೆ ದಾಟಿ ಕೆಲವೇ ನಿಮಿಷಗಳಿಗೆ.

ಓದುಗರು ಗಮನಿಸಬೇಕಾದ ಅಂಶ ಇಲ್ಲಿದೆ. ರೊಟ್ಟಿ ಚೀಲದಲ್ಲಿಯೇ ಇತ್ತು. ಭಟ್ಕಳದಲ್ಲಿ ಒಂದು ಮರದ ನೆರಳಿಗೆ ಕುಳಿತು ಹದಿನೈದು ನಿಮಿಷದಲ್ಲಿ ಊಟ ಮುಗಿಸಬಹುದಾಗಿತ್ತು. ಆದರೆ ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಎದುರಿಗೆ ಮುಳುಗುವ ಸೂರ್ಯ, ಅದರ ನಡುವೆ ಕುಳಿತು ಉಣ್ಣಬೇಕೆಂದು ಅವರು ಮನೆ ಬಿಡುವಾಗಲೇ ಎಣಿಸಿದ್ದರು. ಹೊತ್ತು ಮುಳುಗುವುದರೊಳಗೆ ಊಟವಾಗಬೇಕು, ಆದುದರಿಂದ ಬೇಗ ಹೋಗಬೇಕು ಎಂದು ಮನಸ್ಸು ಹೇಳಿತು. ವೇಗಕ್ಕೆ ವ್ರತವೇ ಕಾರಣವೆಂದು ಅವರು ನಂಬಿದರು. ನಿಜವಾಗಿ ವೇಗಕ್ಕೆ ಕಾರಣವಾದದ್ದು ನೋಟದ ಆಸೆ. ವ್ರತವು ಅದಕ್ಕೆ ನೆಪವಾಯಿತು.

ಬೈಂದೂರು, ಉಪ್ಪುಂದಗಳನ್ನು ದಾಟಿದ ಮೇಲೆ ಒಂದೆಡೆ ರಸ್ತೆಯಂಚಿನಿಂದ ಹೆಂಗಸೊಬ್ಬಳು ತಲೆಯ ಮೇಲೆ ಮೀನಿನ ಬುಟ್ಟಿಯನ್ನಿಟ್ಟುಕೊಂಡು ದಾರಿಗೆ ಇಳಿದಳು. ಹೆದ್ದಾರಿಯು ನಾಲ್ಕು ಪಥಗಳಾಗಿ ಅಗಲವಾಗಿದ್ದರೂ ಅಲ್ಲಿಯವರ ಮನೆ ಒಂದು ಬದಿಗೆ, ಕಡಲು ಇನ್ನೊಂದು ಬದಿಗೆ ಇರುವುದರಿಂದ ಜನರು ದಿನವೂ ದಾಟಲೇಬೇಕು. ಅವರು ಬ್ರೇಕು ಒತ್ತಿದರು. ವಾಹನದ ಹಿಡಿಕೆ ಆಕೆಯ ತೋಳಿಗೆ ತಾಗಿತು. ಬುಟ್ಟಿ ಉರುಳಿತು, ಆಕೆ ಅಂಗೈಯೂರಿ ಬಿದ್ದಳು. ವಾಹನ ತೂರಾಡಿ ಮತ್ತೆ ನೆಟ್ಟಗಾಯಿತು. ಕನ್ನಡಿಯಲ್ಲಿ ನೋಡಿದಾಗ ಆಕೆ ಎದ್ದು ಕುಳಿತಿದ್ದಳು. 'ಕುಳಿತಿದ್ದಾಳೆ, ಹೆಚ್ಚೇನೂ ಆಗಿಲ್ಲ' ಎಂದುಕೊಂಡು ಅವರು ಮುಂದಕ್ಕೆ ಹೋದರು.

ಮರವಂತೆಯನ್ನು ತಲುಪಿದಾಗ ಸೂರ್ಯನು ಕಡಲಿನಿಂದ ಒಂದು ಗೇಣು ಮೇಲಿದ್ದನು. ಕೇಳಿದ್ದಂತೆಯೇ ಇತ್ತು. ಬಲಕ್ಕೆ ಅಲೆಗಳು ಕಲ್ಲಿನ ತಡೆಗೆ ಬಡಿಯುತ್ತಿದ್ದವು. ಎಡಕ್ಕೆ ಸೌಪರ್ಣಿಕೆಯು ತೆಂಗಿನ ತೋಟಗಳ ನಡುವೆ ಅಲುಗದೆ ಮಲಗಿತ್ತು. ಕಡಲಿನ ಇಷ್ಟು ಹತ್ತಿರಕ್ಕೆ ಬಂದ ಆ ಹೊಳೆ ಅಲ್ಲಿ ಸೇರದೆ ತಿರುಗಿ, ಮುಂದೆ ಸುಮಾರು ಹತ್ತು ಕಿಲೋಮೀಟರು ಹರಿದು ಗಂಗೊಳ್ಳಿಯ ಬಳಿ ಸಮುದ್ರವನ್ನು ಕೂಡುತ್ತದೆ. ಅವರು ಕಟ್ಟೆಯ ಮೇಲೆ ಕುಳಿತು ರೊಟ್ಟಿಯ ಗಂಟನ್ನು ಬಿಚ್ಚಿದರು. ಮೊದಲ ತುತ್ತನ್ನು ಮುರಿದರು. ಅದು ಬಾಯಿಗೆ ಹೋಗಲಿಲ್ಲ. ಉಣ್ಣಲು ಇನ್ನೂ ಹದಿನೈದು ನಿಮಿಷ ಬೆಳಕಿತ್ತು. ಗಂಟನ್ನು ಕಟ್ಟಿದರು.

ಹಿಂದಿರುಗುವುದೂ ಸುಲಭವಾಗಿರಲಿಲ್ಲ. ರಸ್ತೆಯ ನಡುವಣ ವಿಭಜಕದಲ್ಲಿ ತೆರಪು ಸಿಗುವವರೆಗೆ ಮುಂದಕ್ಕೆ ಹೋಗಿ, ತಿರುಗಿ, ಎದುರಿನ ಪಥದಲ್ಲಿ ಬಡಗಣಕ್ಕೆ ಬರಬೇಕಾಯಿತು. ಅಷ್ಟರಲ್ಲಿ ಸೂರ್ಯ ಮುಳುಗಿದ್ದನು. ಆಕೆ ರಸ್ತೆಯ ಬದಿಯಲ್ಲಿ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹತ್ತು ಹನ್ನೆರಡು ವರ್ಷದ ಮೊಮ್ಮಗಳು ದೀಪಗಳ ನಡುವೆ ಓಡಾಡಿ ಬಂಗುಡೆ ಮೀನುಗಳನ್ನು ಹೆಕ್ಕುತ್ತಿದ್ದಳು. ಲಾರಿಗಳು ಬರುತ್ತಿದ್ದವು.

"ಅಕ್ಕಾ, ತಾಗಿಸಿದವನು ನಾನೇ," ಎಂದು ಅವರು ಹೇಳಿದರು.

"ಗೊತ್ತುಂಟು," ಎಂದಳು ಆಕೆ. "ಮೊದಲು ಆ ಹುಡುಗಿಯನ್ನು ರಸ್ತೆಯಿಂದ ಈಚೆಗೆ ಕರೆಯಿರಿ."

ಅವರು ಹುಡುಗಿಯನ್ನು ಅಜ್ಜಿಯ ಬಳಿ ಕೂರಿಸಿದರು. ವಾಹನವನ್ನು ದೀಪ ಹೊತ್ತಿಸಿ ಅಡ್ಡ ನಿಲ್ಲಿಸಿ, ಉಳಿದ ಮೀನುಗಳನ್ನು ತಾವೇ ಹೆಕ್ಕಿ ಬುಟ್ಟಿಗೆ ಹಾಕಿದರು. ಹುಟ್ಟಿದಾರಭ್ಯ ಮಾಂಸದ ಅಂಗಡಿಯ ಮುಂದೆ ನಡೆಯಲೂ ಹಿಂಜರಿದ ಕೈಗಳವು. ವಾಸನೆಗೆ ಹೊಟ್ಟೆ ತೊಳಸಿತು. ಆದರೂ ಕೊನೆಯದನ್ನು ಹೆಕ್ಕುವವರೆಗೆ ನಿಲ್ಲಿಸಲಿಲ್ಲ.

ಆಟೋರಿಕ್ಷಾದಲ್ಲಿ ಆಕೆಯನ್ನು ಸಮೀಪದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು; ಆರು ವಾರ ಪಟ್ಟಿ ಇರಬೇಕೆಂದು ವೈದ್ಯರು ಹೇಳಿದರು. ಬಳಿಕ ಪೊಲೀಸ್ ಠಾಣೆಗೆ ಹೋದರು. ಅಪಘಾತದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವುದೂ, ಆದಷ್ಟು ಬೇಗ, ತಡವಾದರೂ 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸುವುದೂ 1988ರ ಮೋಟಾರು ವಾಹನಗಳ ಕಾಯಿದೆಯ 134ನೆಯ ಕಲಮಿನಂತೆ ಚಾಲಕನ ಕರ್ತವ್ಯ. ಅವರು ತಮ್ಮ ಹೇಳಿಕೆಯನ್ನು ತಾವೇ ಬರೆದುಕೊಟ್ಟರು. ನಿಲ್ಲಿಸದೆ ಮುಂದೆ ಹೋದದ್ದನ್ನೂ ಅದರಲ್ಲಿ ಬರೆದರು. ಆ ಒಂದು ಸಾಲನ್ನು ಬರೆಯುವಾಗ ಲೇಖನಿ ತುಸು ನಿಂತಿತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಆ ರಾತ್ರಿ ಅವರಿಗೆ ಅನ್ನವೂ ಇಲ್ಲ, ನೀರೂ ಇಲ್ಲ.

ಮರುದಿನ ಬೆಳಗ್ಗೆ ಆಕೆಯ ಮನೆಯ ಜಗಲಿಯಲ್ಲಿ ಲೆಕ್ಕವಾಯಿತು. ಬಿದ್ದು ಕೆಟ್ಟ ಮೀನಿನ ಬೆಲೆ 700 ರೂಪಾಯಿ ಎಂದು ಆಕೆ ಹೇಳಿದಳು. ದಿನಕ್ಕೆ ಉಳಿಯುವ ಲಾಭ ಸುಮಾರು 300. ಆರು ವಾರಕ್ಕೆ 42 ದಿನವೆಂದು ಅವರು ಗುಣಿಸಿ 12,600 ಎಂದರು. ಅದಕ್ಕೆ ಇನ್ನಷ್ಟು ಸೇರಿಸಿ 25,000 ರೂಪಾಯಿಯನ್ನು ಮುಂದಿಟ್ಟರು. ಆಕೆ ಒಪ್ಪಲಿಲ್ಲ. ಎಲ್ಲ ದಿನವೂ ಮೀನು ಬರುವುದಿಲ್ಲ, ಬಂದ ದಿನವೆಲ್ಲ ತಾನು ಹೋಗುವುದೂ ಇಲ್ಲ, ಮೂವತ್ತು ದಿನವೆಂದು ಹಿಡಿದರೆ ಸರಿಯಾಗುತ್ತದೆ ಎಂದಳು. 9,000ಕ್ಕೆ 700 ಕೂಡಿಸಿ ಎಣಿಸಿಕೊಂಡು ಉಳಿದದ್ದನ್ನು ಎಡಗೈಯಿಂದ ಸರಿಸಿದಳು. ಮೂವತ್ತು ವರ್ಷ ವ್ಯಾಪಾರ ಮಾಡಿದ ಅವರು, ತನ್ನ ನಷ್ಟವನ್ನು ತಾನೇ ಕಡಿಮೆ ಮಾಡಿ ಹೇಳುವ ಲೆಕ್ಕವನ್ನು ಪೇಟೆಯಲ್ಲಿ ಹೆಚ್ಚಾಗಿ ಕಂಡವರಲ್ಲ. ಎಲುಬು ಸರಿಯಾಗಿ ಕೂಡದಿದ್ದರೆ ವಿಮೆಯಿಂದ ಪರಿಹಾರ ಕೇಳಲು ಬರುವುದೆಂದು ತಿಳಿಸಿ, ವಾಹನದ ನೋಂದಣಿ ಮತ್ತು ವಿಮೆಯ ಪ್ರತಿಗಳನ್ನು ಆಕೆಗೆ ಕೊಟ್ಟರು. ಹಿಂದಿನ ರಾತ್ರಿ ಚಹಾ ಬೇಡವೆಂದದ್ದರ ಕಾರಣವನ್ನು ಕೇಳಿ ತಿಳಿದುಕೊಂಡಿದ್ದ ಆಕೆ, ಬಿಸಿಲು ಏರಿದ ಮೇಲೆ ನೆರೆಮನೆಯವನಿಂದ ಎಳನೀರು ಕೆತ್ತಿಸಿ ಕೊಟ್ಟಳು. ಅವರ ಪಾರಣೆ ಅದರಿಂದಲೇ ಆಯಿತು. ಕುಂದಾಪುರದ ಮೇರೆಯನ್ನು ಅವರು ಮುಟ್ಟಲಿಲ್ಲ. ಅಲ್ಲಿಂದಲೇ ಹಿಂದಿರುಗಿದರು.

ಊರಿಗೆ ಬಂದು ಬಸದಿಯಲ್ಲಿ ಸ್ವಾಧ್ಯಾಯವಾದ ಮೇಲೆ ಅವರು ಇದನ್ನೆಲ್ಲ ಮುಚ್ಚಿಡದೆ ಹೇಳಿದರು. ಹಿರಿಯರೊಬ್ಬರು, ಮೀನನ್ನು ಮುಟ್ಟಿದ್ದಕ್ಕೂ ಮೀನಿಗೆ ಹಣ ಕೊಟ್ಟದ್ದಕ್ಕೂ ಪ್ರಾಯಶ್ಚಿತ್ತ ತೆಗೆದುಕೊಳ್ಳಬೇಕೆಂದರು. ಇನ್ನೊಬ್ಬರು, ಕೊಟ್ಟದ್ದು ನಷ್ಟದ ಭರ್ತಿಯೇ ಹೊರತು ಕ್ರಯವಲ್ಲವೆಂದು ವಾದಿಸಿದರು. ಚರ್ಚೆ ಬೆಳೆಯಿತು. ಕಂಬಕ್ಕೆ ಒರಗಿ ಕುಳಿತಿದ್ದ ತಾಯಿ ಮಗನನ್ನು ಕರೆದು, "ಮೀನಾ ಮುಟ್ಟಿದ್ದಕ್ಕಲ್ಲಪ್ಪಾ, ನಿಂದರದ ಮುಂದ ಹ್ವಾದೆಲಾ, ಅದಕ್ಕ ತಗೋ ಪ್ರಾಯಶ್ಚಿತ್ತ" ಎಂದರು. ಚರ್ಚೆ ಅಲ್ಲಿಗೆ ನಿಂತಿತು.

ಆ ತಾಯಿಯ ಮಾತು ಶಾಸ್ತ್ರಸಮ್ಮತವಾದುದು. ಪ್ರಾಣಕ್ಕೆ ಘಾತವಾಗುವುದರ ಮೂಲದಲ್ಲಿ ಪ್ರಮಾದವಿದ್ದಾಗ ಅದು ಹಿಂಸೆಯೆನಿಸುತ್ತದೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಜೀವ ಸಾಯಲಿ, ಉಳಿಯಲಿ, ಅಜಾಗರೂಕನಾಗಿ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಯವೆಂಬುದು ಕುಂದಕುಂದಾಚಾರ್ಯರ ಅಭಿಪ್ರಾಯ. ಹೀಗೆ ನೋಡಿದರೆ ಆ ದಿನದ ದೋಷವು ಹಿಡಿಕೆ ತಾಗಿದ ಕ್ಷಣದಲ್ಲಿ ಹುಟ್ಟಲಿಲ್ಲ. ಭಟ್ಕಳದಲ್ಲಿ ಊಟವನ್ನು ಮುಂದೂಡಿದಾಗಲೇ ಹುಟ್ಟಿತು. ಆ ಸಂಜೆ ಹೆಂಗಸು ರಸ್ತೆಗೆ ಇಳಿಯದೆ ಹೋಗಿದ್ದರೂ, ಅವರು ಹೊತ್ತು ಮುಳುಗುವ ಮೊದಲೇ ಉಂಡು ವ್ರತ ಉಳಿಯಿತೆಂದು ಸಂತೋಷಪಟ್ಟಿದ್ದರೂ, ದೋಷ ಇದ್ದೇ ಇರುತ್ತಿತ್ತು. ತಿಳಿಯುತ್ತಿರಲಿಲ್ಲ, ಅಷ್ಟೆ. ಅಹಿಂಸೆಯನ್ನು ಕಾಯುವುದಕ್ಕಾಗಿಯೇ ಇರುವ ರಾತ್ರಿಭೋಜನ ತ್ಯಾಗವನ್ನು ಗಡಿಯಾರಕ್ಕೆ ಕಟ್ಟಿ ಓಡಿದರೆ ಬೇಲಿಯನ್ನು ಉಳಿಸಿ ಬೆಳೆಯನ್ನು ತುಳಿದಂತಾಗುತ್ತದೆ.

ಪ್ರತಿಕ್ರಮಣವೆಂಬ ಮಾತಿಗೆ ಹಿಂದಿರುಗಿ ಬರುವುದೆಂದೇ ಅರ್ಥ. ಮಾಡಿದ ದೋಷದ ಸ್ಥಳಕ್ಕೆ ಮನಸ್ಸನ್ನು ಮರಳಿಸುವುದು ಅದರ ಕ್ರಮ. ನಡೆದಾಡುವಾಗ ನೊಂದ ಜೀವಗಳಿಗಾಗಿ ಈರ್ಯಾಪಥ ಪ್ರತಿಕ್ರಮಣವನ್ನು ನಿತ್ಯವೂ ಪಠಿಸುವ ನಮ್ಮ ಸಮಾಜದವರಲ್ಲಿ, ರಸ್ತೆಯಲ್ಲಿ ನಿಜವಾಗಿಯೂ ತಿರುಗಿ ಹೋದವರೆಷ್ಟು ಮಂದಿ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ವಿಚಾರವಿದೆ. ಯಾತ್ರೆಯ ವಾಹನಗಳನ್ನು ಏರ್ಪಡಿಸುವಾಗ ಬೆಳಗಿನ ಅಭಿಷೇಕಕ್ಕೆ ಒಂದು ಕ್ಷೇತ್ರ, ಸೂರ್ಯಾಸ್ತದೊಳಗಿನ ಊಟಕ್ಕೆ ಮತ್ತೊಂದು ಕ್ಷೇತ್ರ ಎಂದು ವೇಳಾಪಟ್ಟಿಯನ್ನು ಬಿಗಿಯುವ ರೂಢಿಯಿದೆ. ಚಾಲಕನಿಗೆ ವ್ರತವಿಲ್ಲ, ನಮ್ಮ ವ್ರತಕ್ಕಾಗಿ ಅವನು ಓಡಿಸುತ್ತಾನೆ. ಇತರರನ್ನು ಧಾವಿಸುವಂತೆ ಮಾಡುವುದೂ ಪ್ರಮಾದಚರ್ಯೆಯೇ. ದಿನಕ್ಕೊಂದು ಕ್ಷೇತ್ರ ಕಡಿಮೆಯಾದರೆ ಪುಣ್ಯ ಕಡಿಮೆಯಾಗುವುದಿಲ್ಲ. ಊಟ ಎಲ್ಲಿಯಾದರೂ ಆಗಬಹುದು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ವಾಹನ ನಿಲ್ಲಬೇಕೆಂದು ಗೊತ್ತುಮಾಡಿದರೆ ಸಾಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಪೂಜಾಸಾಮಗ್ರಿಯಷ್ಟೇ ಅವಶ್ಯವೆಂದು ತಿಳಿಯಬೇಕು.

ಕಡಲು ನೋಡಲು ಹೋದದ್ದು ತಪ್ಪೇ ಎಂಬ ಮೊದಲಿನ ಪ್ರಶ್ನೆ ಉಳಿದಿದೆ. ಗಂಗಾವಳಿಯ ಸೇತುವೆಯ ಮೇಲೆ ನಿಂತು ನೀರನ್ನು ನೋಡಿದಾಗ ಯಾವ ಜೀವಕ್ಕೂ ಅವರಿಂದ ನೋವಾಗಲಿಲ್ಲ. ನೋಟವನ್ನು ಗಳಿಕೆಯಂತೆ ಹಿಡಿಯಲು ಓಡಿದಾಗ ನೋವಾಯಿತು. ಹಿಂದಿರುಗುವ ದಾರಿಯಲ್ಲಿ ಅವರು ಮತ್ತೆ ಬಾದಾಮಿಯ ನಾಲ್ಕನೆಯ ಗುಹೆಗೆ ಏರಿ, ಬಾಹುಬಲಿಯ ಮುಂದೆ ಒಂದು ಗಂಟೆ ಕುಳಿತರು. ಅಲ್ಲಿಯೇ ಒಂದು ನಿಯಮವನ್ನು ತೆಗೆದುಕೊಂಡರು: ಆಜೀವ ಪರ್ಯಂತ, ಸೂರ್ಯಾಸ್ತಕ್ಕೆ ಒಂದು ಗಂಟೆ ಇರುವಾಗ ಎಲ್ಲಿದ್ದರೂ ವಾಹನದಿಂದ ಇಳಿಯುವುದು. ಆರು ವಾರಗಳ ಅನಂತರ ಅವರು ಬಸ್ಸಿನಲ್ಲಿ ಆ ಊರಿಗೆ ಹೋಗಿ, ಪಟ್ಟಿ ಬಿಚ್ಚಿದ ಕೈಯನ್ನು ನೋಡಿ ಬಂದರು. ಎಲುಬು ಕೂಡಿತ್ತು. ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಮಾರ್ಚಿನಲ್ಲಿ ಇನ್ನೊಮ್ಮೆ ಹೋದರು, ಆಗ ಮಡಚುತ್ತಿತ್ತು.